ಡೀಸೆಲ್ ಬಾಯಿ

"ಬಾಯಿ ತೆಗಿ ಬೇ ಕಳ್ಳ ಸೂಳಿ. ಅಗಲಕ್ಕ ತೆಗಿ!"

ಟವರ್ ಕಾಯುವ ಅಯ್ಯಮ್ಮ ಬಾಯಿ ತೆಗೆದಳು.

ಗೊರೇಬಾಳದ ಭತ್ತದ ಗದ್ದೆಗಳ ನಡುವೆ ನಿಂತಿದ್ದ ಮೊಬೈಲ್ ಟವರಿನ ಬೇಲಿಯೊಳಗೆ ಮಧ್ಯಾಹ್ನದ ಬಿಸಿಲಿಗೆ ಜಲ್ಲಿಕಲ್ಲು ಕಾದಿತ್ತು. ಕರೆಂಟ್ ಹೋಗಿತ್ತು, ಜನರೇಟರ್ ನೆಲ ನಡುಗಿಸುತ್ತಿತ್ತು. ಬೈಕಿನಿಂದ ಆಗಷ್ಟೇ ಇಳಿದಿದ್ದ ಲಿಂಗಸುಗೂರಿನ ಸೂಪರ್‌ವೈಸರ್ ಗುರುಬಸವ ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ತಡೆದು ನಿಂತ. ಕೇರಿಯ ಹೆಂಗಸಿನ ಬಾಯಿಗೆ ತನ್ನ ಮೂಗು ಒಡ್ಡುವುದು ಹೇಗೆ?

"ನಾಸೀರ್, ನೀ ಮೂಸಲೇ."

ಮೆಕ್ಯಾನಿಕ್ ನಾಸೀರ್ ಪಾನಾ ಕೆಳಗಿಟ್ಟು ಎದ್ದು ಬಂದ. "ಮಾಫ್ ಮಾಡವಾ," ಎಂದು ತುಟಿಯಲ್ಲೇ ಅಂದು ಬಗ್ಗಿದ.

"ಏನ್ ವಾಸನಿ ಹೊಡ್ಯಾಕತ್ತೈತಿ?"

"ಡೀಸೆಲ್ ರೀ ಸರ್."

"ಕೇಳಿದ್ರೇನ್ರಿ ಧಣ್ಯಾರ? ಮಾರೋದಷ್ಟ ಅಲ್ಲ, ಕುಡೀತಾಳ ಕಾಣ್ತೈತಿ!"

ಟವರ್ ನಿಂತ ಹೊಲ ಧಣಿ ವೀರೇಂದ್ರನದು. ಬೆಳ್ಳಗಿನ ಅಂಗಿ, ಬೆಳ್ಳಗಿನ ಲುಂಗಿ. ತುಟಿಯಲ್ಲಿ ಹಚ್ಚದ ಸಿಗರೇಟು, ಕೈಯಲ್ಲಿ ಲೈಟರು. "ಕೇರ್ಯಾಗ ಸೆರೆ ತೀರಿರ್ಬೇಕು ಬಿಡ್ರಿ," ಎಂದು ನಕ್ಕ.

ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲ್ ಇಳಿಸುವ ಕೈಪಂಪು ಮುರಿದು ಎಂಟು ತಿಂಗಳಾಗಿತ್ತು. ಅವತ್ತಿನಿಂದ ಕ್ಯಾನನ್ನು ಕಟ್ಟೆಯ ಮೇಲೆ ಎತ್ತಿಟ್ಟು, ಪೈಪಿನ ತುದಿ ಬಾಯಿಗಿಟ್ಟು ಎಳೆದು, ಮೊದಲ ಗುಟುಕು ಉಗುಳಿ ಟ್ಯಾಂಕು ತುಂಬಿಸುತ್ತಿದ್ದವಳು ಅಯ್ಯಮ್ಮ. ಬೇವಿನ ಕಡ್ಡಿಯಿಂದ ಉಜ್ಜಿದಳು, ಬೂದಿಯಿಂದ ಉಜ್ಜಿದಳು, ವಾಸನೆ ಹೋಗಲಿಲ್ಲ. ರೊಟ್ಟಿಗೂ ಅದೇ ರುಚಿ. ಮಸ್ಕಿಯಿಂದ ಬಂದ ಮೊಮ್ಮಗಳು ಮುತ್ತು ಕೊಡಲು ಬಂದು ಮುಖ ಕಿವುಚಿ ಓಡಿದ್ದಳು. ಇದೆಲ್ಲ ನಾಸೀರನಿಗೆ ಗೊತ್ತು. ಹೊಸ ಪಂಪು ಬೇಕೆಂದು ಅವನೇ ಎರಡು ಸಲ ಬರೆದು ಕೊಟ್ಟಿದ್ದ. ಈಗ ತನ್ನ ಚಪ್ಪಲಿಯ ಉಂಗುಟ ನೋಡುತ್ತ ನಿಂತಿದ್ದ.

"ಕರೆಂಟ್ ಹೋದ್ರ ನಾಕು ತಾಸು ಬ್ಯಾಟರಿ ಎಳೀತಾವ," ಗುರುಬಸವ ಬೆರಳೆತ್ತಿದ. "ಅವು ಇಳಿದ ಮ್ಯಾಲ ಮಿಷನ್ ಹಚ್ಚು ಅಂತ ಹೇಳಿನೋ ಇಲ್ಲೋ? ಮತ್ತ ತಿಂಗಳಿನ ಡೀಸೆಲ್ ಹದಿನೈದು ದಿನಕ್ಕ ಯಾವಾಕಿ ಹೊಟ್ಟಿಗೆ ಹೋತು?"

ಅಯ್ಯಮ್ಮ ಧಣಿಯ ಕಡೆ ನೋಡಿದಳು. ಧಣಿ ಲೈಟರನ್ನು ಟಿಕ್ಕೆನಿಸಿದ.

ಯುಗಾದಿಯ ಮರುದಿನ ಧಣಿ ಬದುವಿನ ಮಣ್ಣು ತೆಗೆಸಿ, ಜನರೇಟರಿನಿಂದ ತನ್ನ ತೋಟದ ಮನೆಗೆ ಕಪ್ಪು ವೈರೊಂದನ್ನು ಎಳೆಸಿ ಮುಚ್ಚಿಸಿದ್ದ. "ಬ್ಯಾಟರಿ ಗೀಟರಿ ಬಿಡು. ಕರೆಂಟ್ ಹೋತು ಅಂದ್ರ ಮಿಷನ್ ಹಚ್ಚಬೇಕು, ನಮ್ಮ ಎಸಿ ನಿಲ್ಲಬಾರ್ದು. ಯಾರ ಮುಂದರ ಬಾಯಿ ಬಿಟ್ಟೀ, ಶೆಡ್ಡಿನಾಗಿನ ಗಂಟು ಕಾಲುವಿಗೆ ಒಗಸ್ತೀನಿ," ಅಂದಿದ್ದ. ಕೇರಿಯ ಮನೆ ಬಿದ್ದು ಮೂರು ಮಳೆಗಾಲ. ಗಂಡ ಸತ್ತಮೇಲೆ ಅವಳಿಗೆ ಉಳಿದದ್ದು ಈ ಕೆಲಸ, ಧಣಿಯ ಹೊಲದ ಈ ತಗಡಿನ ಶೆಡ್ಡು. ಅವಳು ಬಾಯಿ ಬಿಟ್ಟಿರಲಿಲ್ಲ.

ಗುರುಬಸವ ಬೈಕಿನ ಸೀಟಿನ ಮೇಲೆ ಕಾಗದ ಹಾಸಿ ಬರೆದ. ಬರೆದದ್ದನ್ನು ಓದಿಯೂ ಹೇಳಿದ: ಡೀಸೆಲ್ಲನ್ನು ನಾನೇ ಕದ್ದು ಮಾರಿದ್ದೇನೆ, ಕೆಲಸ ಬಿಟ್ಟು ಹೋಗುತ್ತೇನೆ.

"ಹೆಬ್ಬಟ್ಟು ಒತ್ತು. ಇಲ್ಲಂದ್ರ ಸಿಂಧನೂರು ಠಾಣೆದಾಗ ಒತ್ತೀ."

"ಕದ್ದಿಲ್ರಿ ಯಪ್ಪಾ."

"ನಿನ್ನ ಬಾಯೇ ಹೇಳ್ತೈತಲ್ಲ ಬೋಸುಡಿ!"

"ಶೆಡ್ಡು ಸಂಜೀಕ ಖಾಲಿ ಮಾಡು," ಅಂದ ಧಣಿ. "ಗ್ವಾಮೂತ್ರ ಹಾಕಿ ತೊಳಸ್ತೀನಿ."

ಅಯ್ಯಮ್ಮ ಯಾರನ್ನೂ ಕೇಳದೆ ಹೋಗಿ ಜನರೇಟರಿನ ಕೆಂಪು ಗುಂಡಿ ಒತ್ತಿದಳು.

ಸದ್ದು ನಿಂತಿತು. ಬ್ಯಾಟರಿ ತುಂಬಿದ್ದವು. ಟವರಿನ ಪೆಟ್ಟಿಗೆಯ ಹಸಿರು ದೀಪ ಕಣ್ಣು ಕೂಡ ಮಿಟುಕಿಸಲಿಲ್ಲ. ಆದರೆ ಬದುವಿನಾಚೆಯ ತೋಟದ ಮನೆಯಲ್ಲಿ ಏನೋ ಗೊರಕೆ ಹೊಡೆದು ನಿಂತಿತು. ಧಣಿಯ ಹೆಂಡತಿ ಶೈಲಜಾ ಕಿಟಕಿಯಿಂದ ಕೂಗಿದಳು:

"ರೀ! ಎಸಿ ಬಂದ್ ಆತು! ಆ ಮುಂಡೇಗ ಮಿಷನ್ ಹಚ್ಚಂತ ಹೇಳ್ರಿ!"

ಗುರುಬಸವ ಕಿಟಕಿ ನೋಡಿದ. ಬದುವಿನ ಮೇಲೆ ಗೆರೆ ಕೊರೆದಂತೆ ಹೋಗಿದ್ದ ಹೊಸ ಮಣ್ಣು ನೋಡಿದ. ಧಣಿಯನ್ನು ನೋಡಿದ.

"ಏ, ಆಕಡೀಗೆ ಏನ್ ನೋಡ್ತಿ ಬೇ?" ಗುರುಬಸವ ಶಾಯಿಯ ಡಬ್ಬಿ ತೆಗೆದು ಅಯ್ಯಮ್ಮನ ಕಾಲ ಬಳಿ ಒಗೆದ. "ಒತ್ತು ಲಗೂನ. ಬಿಸಲಾಗೈತಿ."

ಅಯ್ಯಮ್ಮ ಡಬ್ಬಿ ಎತ್ತಲು ಬಗ್ಗಲಿಲ್ಲ. ಕಟ್ಟೆಯ ಮೇಲಿನ ಕ್ಯಾನಿಗೆ ಜೋತುಬಿದ್ದಿದ್ದ ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆದಳು. ಎಂಟು ತಿಂಗಳು ಎಳೆದ ಹಾಗೆಯೇ. ಕೆನ್ನೆಗಳು ಉಬ್ಬಿದವು. ನೆಲಕ್ಕೆ ಉಗುಳುತ್ತಾಳೆಂದು ಎಲ್ಲರೂ ತಿಳಿದರು. ಅವಳು ನಾಕು ಹೆಜ್ಜೆ ನಡೆದು, ವೀರೇಂದ್ರನ ಎದುರು ನಿಂತು, ಬಾಯಿ ತುಂಬ ಇದ್ದದ್ದನ್ನು ಅವನ ಬೆಳ್ಳಗಿನ ಎದೆಯ ಮೇಲೆ ಉಗುಳಿದಳು.

"ಈಗ ಮೂಸೋ ನಾಸೀರ. ಕಳ್ಳ ಯಾರಂತ ಹೇಳು ನಿಮ್ಮ ಸಾಹೇಬ್ರಿಗೆ."

ನಾಸೀರ್ ಗುರುಬಸವನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ನಿಧಾನಕ್ಕೆ ಬಂದು, ಧಣಿಯ ಅಂಗಿಗೆ ಮೂಗು ಹತ್ತುವಷ್ಟು ಬಗ್ಗಿದ.

"ಡೀಸೆಲ್ ರೀ ಸರ್."

ವೀರೇಂದ್ರನ ತುಟಿಯಿಂದ ಸಿಗರೇಟು ಬಿತ್ತು. ಲೈಟರು ಬೀಳಲಿಲ್ಲ. ಅವನ ಹೆಬ್ಬೆರಳು ಅದರ ಗಾಲಿಯ ಮೇಲೆ ಬಂದು ಕೂತಿತು. ಇಬ್ಬರ ನಡುವೆ ಮೊಳದಷ್ಟು ಜಾಗ. ಅಯ್ಯಮ್ಮನ ಗದ್ದದಿಂದ ಡೀಸೆಲ್ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳು ಒರೆಸಿಕೊಳ್ಳಲಿಲ್ಲ.