ಫ್ಯಾನ್‌ಹೌಸ್ ಪೆರುಮಾಳನ ರಿಜಿಸ್ಟರು

ಗಣಿ ಕೆಲಸಗಾರರ ಸಾಲುಮನೆಗಳಾದ ಊರಿಗಾಂ ಲೈನಿನ ಆ ಎರಡು ಕೋಣೆಯ ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಅದರ ಪಕ್ಕದ ಮೊಳೆಗೆ ನೇತುಹಾಕಿದ್ದ ರಿಜಿಸ್ಟರಿಗೆ. ಇನ್ನೂರು ಪುಟದ, ಕೆಂಪು ಬೆನ್ನಿನ ಉದ್ದ ಪುಸ್ತಕ. ಪುಸ್ತಕಕ್ಕೆ ದಾರ, ದಾರಕ್ಕೆ ಪೆನ್ನು. ಪುಟಕ್ಕೆ ಏಳು ಮನೆ: ತಾರೀಖು, ಹೊತ್ತು, ಎಷ್ಟು ಬಟ್ಟೆ, ಎಷ್ಟು ನಿಮಿಷ, ಯಾರು ಹಾಕಿದರು, ರುಜು, ಷರಾ. ಒಂದು ಕರವಸ್ತ್ರ ಒಣಗಿಸಬೇಕೆಂದರೂ ನಿಮಿಷದ ಮನೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತುಂಬಿಸಿದ ಮೇಲೇ ಸ್ವಿಚ್ಚಿಗೆ ಕೈ ಹಾಕಬೇಕು. ಇದು ಯಜಮಾನ ಪೆರುಮಾಳನ ಕಟ್ಟಳೆ.

ಪೆರುಮಾಳ್ ನಂದಿದುರ್ಗ ಗಣಿಯ ಫ್ಯಾನ್‌ಹೌಸಿನಲ್ಲಿ, ಅಂದರೆ ಸುರಂಗದೊಳಗಿನ ಜನಕ್ಕೆ ಗಾಳಿಯಾಡಿಸುವ ದೊಡ್ಡ ಫ್ಯಾನಿನ ಕೋಣೆಯಲ್ಲಿ, ಇಪ್ಪತ್ತನಾಲ್ಕು ವರ್ಷ ಆಪರೇಟರ್ ಆಗಿದ್ದವನು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಅದರ ಕಾನೂನು ಮಾತ್ರ ಅವನ ಮನೆಯಲ್ಲಿ ಒಂದು ದಿನವೂ ರಜೆ ಹಾಕಿರಲಿಲ್ಲ. ಲೈನಿನವರು ಮಿಕ್ಸಿ ಕೆಟ್ಟರೂ ಟೇಬಲ್ ಫ್ಯಾನು ಕೆಟ್ಟರೂ ಅವನ ಹತ್ತಿರ ತರುತ್ತಿದ್ದರು. ಅವನು ಬಿಚ್ಚುತ್ತಿದ್ದ, ಒರೆಸುತ್ತಿದ್ದ, ಆಮೇಲೆ ಗಾಳಿಯ ಮೇಲೆ ಒಂದು ಗಂಟೆ ಪಾಠ ಮಾಡುತ್ತಿದ್ದ. ಒಳಗೆ ಹೋದ ಗಾಳಿ ಆಚೆ ಬರಲೇಬೇಕು, ಬರದಿದ್ದರೆ ಜನ ಸಾಯುತ್ತಾರೆ ಎನ್ನುವುದು ಪಾಠದ ಸಾರ. ಮಿಕ್ಸಿಗೂ ಅದೇ ಪಾಠ. ರಿಪೇರಿ ಆಗದಿದ್ದರೂ ಪಾಠ ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಜನ ಮಿಕ್ಸಿ ಎತ್ತಿಕೊಂಡು ಹೋಗುತ್ತಿದ್ದರು.

ಅವನ ಬಳಿ ಇನ್ನೊಂದು ಕತೆಯಿತ್ತು, ಅದು ಊಟದ ಹೊತ್ತಿನದು. ಎಂಬತ್ತೇಳನೇ ಇಸವಿಯಲ್ಲಿ ಫ್ಯಾನಿನ ಬೆಲ್ಟು ಕಿತ್ತು ಮೂರು ಗಂಟೆ ಗಾಳಿ ನಿಂತಿತ್ತು. ಹೊಸ ಬೆಲ್ಟು ಬೇಕೆಂದು ಪೆರುಮಾಳ್ ನಾಲ್ಕು ಸಲ ಬರೆದುಕೊಟ್ಟಿದ್ದ, ಅವನ ಮೇಲಿನ ಸಾಹೇಬ ಕೊಡಿಸಿರಲಿಲ್ಲ. ತನಿಖೆ ನಡೆಸಿದವನೂ ಅದೇ ಸಾಹೇಬ. ಕಾರಣ, ಆಪರೇಟರಿನ ಅಜಾಗರೂಕತೆ ಎಂದು ಬರೆದು ಪೆರುಮಾಳನ ಕೈಗೇ ಮೆಮೊ ಕೊಟ್ಟ. ಆ ಕಾಗದ ಇವತ್ತಿಗೂ ಟ್ರಂಕಿನಲ್ಲಿತ್ತು. ಸಾಹೇಬ ಸತ್ತು, ಗಣಿ ಮುಚ್ಚಿ, ಫ್ಯಾನು ಗುಜರಿಗೆ ಹೋದರೂ ಅವನ ಹೊಟ್ಟೆಯುರಿ ಆರಿರಲಿಲ್ಲ.

ಡ್ರೈಯರು ಬಂದದ್ದು ಸೊಸೆ ತ್ರಿವೇಣಿಯಿಂದ. ಅವಳು ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಎರಡೇ ಜೊತೆ ಬಿಳಿ ಯೂನಿಫಾರಂ. ಗಣಿಯ ಮಣ್ಣಿಗೆ ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡವರು ಮಿಕ್ಕ ಪುಡಿಮಣ್ಣನ್ನು ಊರಿನ ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗಿದ್ದರು. ಆಷಾಢದ ಗಾಳಿ ಎದ್ದರೆ ಆ ಸೈನೈಡ್ ಗುಡ್ಡ ಎದ್ದು ಬಂದು ಲೈನಿನವರ ಹಗ್ಗದ ಮೇಲೆ ಕೂರುತ್ತಿತ್ತು. ಒಗೆದು ಹರವಿದ ಬಿಳಿ ಬಟ್ಟೆ ಸಂಜೆಗೆ ಬೂದಿಬಣ್ಣ. ಇವಳ ಪಾಡು ನೋಡಿದ್ದ ಡಾಕ್ಟರಮ್ಮ ಒಬ್ಬರು ಊರು ಬಿಡುವಾಗ ತಮ್ಮ ಡ್ರೈಯರನ್ನು ಇವಳಿಗೇ ಕೊಟ್ಟುಹೋದರು. ತ್ರಿವೇಣಿಯ ಗಂಡ ವೇಣು, ಬೂದಿಕೋಟೆ ಕಡೆಯಿಂದ ಹಾಲಿನ ವ್ಯಾನು ಓಡಿಸುವವನು, ಅದನ್ನು ವ್ಯಾನಿನಲ್ಲೇ ತಂದಿಳಿಸಿ, ಬಿಸಿಗಾಳಿ ಆಚೆ ಹೋಗುವ ದಪ್ಪ ಕೊಳವೆಯನ್ನು ಹಿತ್ತಲ ಗೋಡೆಯಲ್ಲಿ ತೂರಿಸಿ ಕೆಲಸಕ್ಕೆ ಹೋದ. ಮಿಕ್ಕಿದ್ದನ್ನು ಅವನಪ್ಪ ವಹಿಸಿಕೊಂಡ.

ವಹಿಸಿಕೊಂಡದ್ದು ಸುಮ್ಮನೆ ಅಲ್ಲ. ಮೇಲೆ ಲೋಟದಲ್ಲಿ ನೀರಿಟ್ಟು ಮಿಷನ್ನು ಮಟ್ಟವಾಗಿ ನಿಂತಿದೆಯೇ ನೋಡುತ್ತಿದ್ದ. ಬಟ್ಟೆಯಿಂದ ಉದುರಿದ ಹತ್ತಿಯಂಥ ಜುಂಗು ಕೂರುವ ಜಾಲರಿಯನ್ನು ಪ್ರತಿ ಸಲವೂ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದ. ಪ್ಲಗ್ಗು ಬಿಸಿಯಾಗಿದೆಯೇ ಎಂದು ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದ. ಅದೆಲ್ಲ ಸರಿಯಾದ ಕೆಲಸವೇ, ಹೆಸರಿಡುವ ಹಾಗಿಲ್ಲ. ಹೆಂಡತಿ ಕದಿರಮ್ಮ ಮಾತ್ರ ಒಂದು ಸೀರೆಗೆ ಏಳು ಮನೆ ತುಂಬಿಸುವ ಬದಲು ಧೂಳಿನ ಸೀರೆ ಉಡುವುದೇ ವಾಸಿ ಎಂದು ಹಗ್ಗವನ್ನೇ ನಂಬಿಕೊಂಡಿದ್ದಳು.

ಆಷಾಢ ಬರುವ ಮುನ್ನವೇ, ಜೂನ್ ತಿಂಗಳ ನಡುವಿಗೆ ಬಟ್ಟೆ ಒಣಗುವುದು ತಡವಾಗತೊಡಗಿತು. ನಲವತ್ತು ನಿಮಿಷದ ಕೆಲಸ ಗಂಟೆಗೆ ಏರಿತು, ಗಂಟೆ ಒಂದೂವರೆಯಾಯಿತು. ಜುಲೈ ಹೊತ್ತಿಗೆ ಮಿಷನ್ನು ಮೈಯೆಲ್ಲ ಕಾದು ನಡುವಿನಲ್ಲೇ ತಾನಾಗಿ ನಿಂತುಬಿಡುತ್ತಿತ್ತು. ಬಾಗಿಲು ತೆಗೆದರೆ ಯೂನಿಫಾರಂ ಇಡ್ಲಿ ತಟ್ಟೆಯ ಬಟ್ಟೆಯ ಹಾಗೆ ಬಿಸಿಬಿಸಿಯಾಗಿ, ಒದ್ದೆಯಾಗಿ ಹಬೆಯಾಡುತ್ತಿತ್ತು.

ಬಂಗಾರಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸೋಣ ಎಂದು ತ್ರಿವೇಣಿ ಕೇಳಿದಳು. ಪೆರುಮಾಳನಿಗೆ ಅದು ಮೂಗು ಕೊಯ್ದ ಹಾಗಾಯಿತು. ಫ್ಯಾನ್‌ಹೌಸ್ ಪೆರುಮಾಳನ ಮನೆಗೆ ಮೆಕ್ಯಾನಿಕ್ ಬಂದ ಎಂದರೆ ಲೈನಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಅವನೇ ಎರಡು ದಿನ ತಪಾಸಣೆ ಮಾಡಿದ. ವೈರು ಬದಲಿಸಿದ, ಜಾಲರಿ ತೊಳೆದ, ಸ್ಕ್ರೂಡ್ರೈವರಿನ ಒಂದು ತುದಿ ಮಿಷನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಮೋಟರಿನ ಸದ್ದು ಕೇಳಿದ. ಎಲ್ಲ ಚೆನ್ನಾಗಿತ್ತು. ಮಿಷನ್ನಿನ ತಪ್ಪಲ್ಲ ಎಂದ ಮೇಲೆ ತಪ್ಪು ನಡೆಸುವವರದ್ದೇ ಆಗಿರಬೇಕು; ಗಣಿಯಲ್ಲಿ ಅವನು ಕಂಡಿದ್ದ ತನಿಖೆಗಳೆಲ್ಲ ಹಾಗೇ ಮುಗಿದಿದ್ದವು. ರಿಜಿಸ್ಟರು ತಿರುವಿ ಹಾಕಿದ. ಜುಲೈ ಎರಡರಂದು ತ್ರಿವೇಣಿ ಅವನು ಗೊತ್ತುಮಾಡಿದ್ದ ಆರರ ಬದಲು ಏಳು ಬಟ್ಟೆ ಹಾಕಿದ್ದಳು. ಸಿಕ್ಕಿತಲ್ಲ! ಷರಾ ಮನೆಯಲ್ಲಿ ಬರೆದ: ಅಳತೆ ಮೀರಿ ತುಂಬಿದ್ದರಿಂದ ಯಂತ್ರಕ್ಕೆ ಪೆಟ್ಟು. ಕಾರಣ, ಆಪರೇಟರಿನ ಅಜಾಗರೂಕತೆ. ಒಂದು ವಾರ ಯಂತ್ರ ಬಂದ್. ವೈರಿನ ತುದಿಯಿಂದ ಪ್ಲಗ್ಗು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಆ ಏಳನೆಯದು ಮಾವನದೇ ಬನಿಯನ್ ಎಂದು ತ್ರಿವೇಣಿ ಹೇಳಲಿಲ್ಲ. ಯೂನಿಫಾರಂ ಒಗೆದು ಹಗ್ಗಕ್ಕೆ ಹಾಕಿದಳು. ಗುಡ್ಡ ತನ್ನ ಕೆಲಸ ಮಾಡಿತು.

ನರ್ಸಿಂಗ್ ಹೋಮಿನ ಮೇಟ್ರನ್ ಇಂದ್ರಾಣಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಿಳಿಯನ್ನು ಕಾಯುವ ಹೆಂಗಸು. ಅವರು ಬೂದಿಬಣ್ಣದ ಯೂನಿಫಾರಂ ನೋಡಿ ಕಾರಣ ಕೇಳಿದರು. ಡ್ರೈಯರು ನಿಂತಿದೆ ಎಂದಳು ತ್ರಿವೇಣಿ. ಲೈನ್ ಮನೆಯಲ್ಲಿ ಡ್ರೈಯರೇ, ಸುಳ್ಳು ಹೇಳುವುದಾದರೂ ಸ್ವಲ್ಪ ನಂಬುವ ಹಾಗೆ ಹೇಳು ಎಂದು ಮೇಟ್ರನ್ ಮೆಮೊ ಕೊಟ್ಟರು. ಸೋಮವಾರದೊಳಗೆ ಲಿಖಿತ ವಿವರಣೆ ಕೊಡಬೇಕು, ಇಲ್ಲದಿದ್ದರೆ ಆಗಸ್ಟಿನಲ್ಲಿ ಅವಳಿಗೆ ಕೊಡಬೇಕೆಂದಿದ್ದ ವಾರ್ಡ್ ಇನ್‌ಚಾರ್ಜ್ ಕೆಲಸ ಬೇರೆಯವರಿಗೆ. ಆ ಕೆಲಸಕ್ಕಾಗಿ ಅವಳು ಆರು ವರ್ಷ ದುಡಿದಿದ್ದಳು.

ಮನೆಯಲ್ಲಿ ಆ ಮೆಮೊ ಓದಿ ಪೆರುಮಾಳನಿಗೆ ಕಣ್ಣು ತುಂಬಿ ಬಂತು. ಮೆಮೊ ಕೊಡುವವರೆಲ್ಲ ಒಂದೇ ಜಾತಿ, ತಪ್ಪು ತಾವು ಮಾಡಿ ಕೆಳಗಿನವರ ತಲೆಗೆ ಕಟ್ಟುತ್ತಾರೆ ಎಂದು ಸೊಸೆಯ ಪರವಾಗಿ ಅರ್ಧ ಗಂಟೆ ಗುಡುಗಿದ. ಎಂಬತ್ತೇಳರ ಬೆಲ್ಟಿನ ಕತೆ ಇನ್ನೊಮ್ಮೆ ಹೇಳಿದ. ಜೇಬಿನಲ್ಲಿ ಪ್ಲಗ್ಗು ಹಾಗೇ ಇತ್ತು.

ಕದಿರಮ್ಮ ಅನ್ನದ ಪಾತ್ರೆ ಕೆಳಗಿಟ್ಟಳು. "ಗಣಿ ಮುಚ್ಚೋಯ್ತು ಕಣಯ್ಯ. ನಿನ್ ರೂಲ್ಸ್ ಮುಚ್ಚಾಕೆ ಇನ್ನೇಟ್ ವರ್ಸ ಬೇಕು?" ಎಂದಳು. ಆಮೇಲೆ ಸೊಸೆಗೆ, ಆ ಮೆಕ್ಯಾನಿಕ್ಕಿಗೆ ಫೋನು ಮಾಡು ಎಂದಳು.

ಭಾನುವಾರ ಬೆಳಿಗ್ಗೆ ಬಂಗಾರಪೇಟೆಯಿಂದ ಸಾಯಿಕುಮಾರ್ ಸ್ಕೂಟರಿನಲ್ಲಿ ಬಂದಿಳಿದ. ಮೂವತ್ತರ ಸುಮಾರಿನ, ಮಾತು ಕಡಿಮೆಯ ಮೆಕ್ಯಾನಿಕ್. ಪಕ್ಕದ ಮನೆಯ ಬಚ್ಚಪ್ಪ ಪೇಪರು ಓದುವ ನೆಪದಲ್ಲಿ ಕುರ್ಚಿ ತಂದು ಇವರ ಬಾಗಿಲಿಗೇ ಹಾಕಿಕೊಂಡು ಕೂತ. ಅವನ ಹಿಂದೆ ಇನ್ನೂ ನಾಲ್ಕು ಜನ ನಿಂತರು. ಅವರ ಮಿಕ್ಸಿಗಳೆಲ್ಲ ಪೆರುಮಾಳನ ಪಾಠ ಕೇಳಿದಂಥವೇ. ಸಾಯಿಕುಮಾರ್ ಬ್ಯಾಗು ಬಿಚ್ಚುವಷ್ಟರಲ್ಲಿ ಪೆರುಮಾಳ್ ಅಡ್ಡ ಬಂದ.

"ಮೊದ್ಲು ರಿಜಿಸ್ಟರ್ ನೋಡಪ್ಪ. ರುಜು ಆಕ್ದೆ ಈ ಮಿಷನ್ ಯಾರೂ ಮುಟ್ಟಂಗಿಲ್ಲ."

ಅವನು ನಗಬಹುದೆಂದು ತ್ರಿವೇಣಿ ತಲೆ ತಗ್ಗಿಸಿದಳು. ಅವನು ನಗಲಿಲ್ಲ. ಪುಸ್ತಕ ತೆಗೆದುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಪುಟದಿಂದ ನಿಮಿಷದ ಮನೆಯ ಮೇಲೆ ಬೆರಳಿಟ್ಟು ಇಳಿಸುತ್ತಾ ಬಂದ. ನಲವತ್ತು, ನಲವತ್ತೆರಡು, ನಲವತ್ತು. ಇಷ್ಟು ಚೆನ್ನಾಗಿ ಬರೆದಿಟ್ಟ ಮನೆ ತಾನು ನೋಡಿಯೇ ಇಲ್ಲ ಎಂದ. ಪೆರುಮಾಳ್ ಬಚ್ಚಪ್ಪನ ಕಡೆ ಒಂದು ನೋಟ ಬಿಸಾಕಿದ. ಬೆರಳು ಜೂನಿಗೆ ಬಂತು. ಅರವತ್ತೈದು, ಎಂಬತ್ತು, ತೊಂಬತ್ತೈದು. ಬೆರಳು ನಿಂತಿತು, ಮೂರು ಸಾಲು ಮೇಲಕ್ಕೆ ಹೋಯಿತು.

ಸಾಯಿಕುಮಾರ್ ಗಟ್ಟಿಯಾಗಿ ಓದಿದ: "ಜೂನ್ ಒಂಬತ್ತು. ಹಿತ್ತಲ ಕೊಳವೆಯ ಬಾಯಿಗೆ ಗೋಣಿ ತುರುಕಿ ಭದ್ರಪಡಿಸಲಾಗಿದೆ. ಗುಡ್ಡದ ಧೂಳು ಒಳಗೆ ಬರದು. ಕೆಲಸ ತೃಪ್ತಿಕರ." ತಲೆಯೆತ್ತಿ ಕೇಳಿದ, "ತಾತ, ಈ ರುಜು ಯಾರ್ದು?"

ಎಲ್ಲರೂ ಪೆರುಮಾಳನ ಕಡೆ ನೋಡಿದರು. ಕೆಳಗೆ ಎರಡು ಗೆರೆ, ಗೆರೆಗೆ ಎರಡು ಚುಕ್ಕೆ ಇರುವ ಆ ರುಜು ಲೈನಿಗೆಲ್ಲ ಗೊತ್ತಿದ್ದದ್ದೇ. ಪೆರುಮಾಳ್ ರಿಜಿಸ್ಟರನ್ನು ಹತ್ತು ಸಲ ತಿರುವಿ ಹಾಕಿದ್ದ; ಸೊಸೆಯ ಸಾಲು, ಮಗನ ಸಾಲು, ಎಲ್ಲ ಶೋಧಿಸಿದ್ದ. ತನ್ನ ರುಜುವಿದ್ದ ಸಾಲನ್ನು ಓದಿರಲಿಲ್ಲ. ತನ್ನ ಕೆಲಸವನ್ನು ತಾನೇ ತಪಾಸಣೆ ಮಾಡುವ ರೂಢಿ ಅವನು ಕಂಡ ಗಣಿಯಲ್ಲಿರಲಿಲ್ಲ.

ಸಾಯಿಕುಮಾರ್ ಹಿತ್ತಲಿಗೆ ಹೋಗಿ ಗೋಣಿ ಎಳೆದ. ಒದ್ದೆಯಾಗಿ, ಜುಂಗು ಮೆತ್ತಿಕೊಂಡು, ಸತ್ತ ಹೆಗ್ಗಣದ ಹಾಗೆ ಹೊರಗೆ ಬಂತು. ಕೊಳವೆ ಕೊಡವಿ, ಒಳಗಿನ ಗಾಳಿ ತಳ್ಳಿದಾಗ ಮಾತ್ರ ತೆರೆದುಕೊಳ್ಳುವ ಒಂದು ಮುಚ್ಚಳ ಕೂರಿಸಿದ. ಪೆರುಮಾಳ್ ಜೇಬಿನಿಂದ ತೆಗೆದುಕೊಟ್ಟ ಪ್ಲಗ್ಗನ್ನು ವೈರಿಗೆ ಜೋಡಿಸಿದ. ನಲವತ್ತೊಂದು ನಿಮಿಷಕ್ಕೆ ಯೂನಿಫಾರಂ ಗರಿಗರಿಯಾಗಿ ಈಚೆ ಬಂತು.

ಬಾಗಿಲಲ್ಲಿದ್ದ ಬಚ್ಚಪ್ಪ ಪೇಪರು ಮಡಚಿ, "ಒಳಗ್ ಓದ ಗಾಳಿ ಈಚೆಗ್ ಬರ್ಬೇಕು, ಅಲ್ವೇನಣ್ಣ?" ಎಂದ. ನಾಲ್ಕು ಜನ ನಕ್ಕರು. ತ್ರಿವೇಣಿ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಪೆರುಮಾಳನಿಗೆ ಎಷ್ಟೋ ಸುಖವಾಗಿರುತ್ತಿತ್ತು.

"ಮಾವ, ಆ ಪುಟಗಳು ನಂಗೆ ಬೇಕು. ಮೇಡಂಗೆ ತೋರಿಸ್ಬೇಕು," ಎಂದಳು ಅಷ್ಟೆ.

ರಿಜಿಸ್ಟರಿನ ಪುಟ ಹರಿಯುವ ಹಾಗಿಲ್ಲ, ರಿಜಿಸ್ಟರು ಜಾಗ ಬಿಟ್ಟು ಕದಲುವ ಹಾಗಿಲ್ಲ. ಪೆರುಮಾಳ್ ಟ್ರಂಕು ತೆಗೆದು ಹಳೆಯ ಮೆಮೊ ಹೊರಗೆ ತೆಗೆದ. ಅದನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟುಕೊಂಡು ಓದಿದ. ಸಾಹೇಬನದು ಇಂಗ್ಲಿಷು, ತನ್ನದು ಕನ್ನಡ. ಮಿಕ್ಕಂತೆ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಮೂವತ್ತೇಳು ವರ್ಷ ಶಾಪ ಹಾಕಿದ ಮಾತನ್ನೇ ಮನೆಮಗಳ ತಲೆಗೆ ಕಟ್ಟಿದ್ದೆನಲ್ಲ ಎಂದು ಅವನಿಗೆ ನೆಲ ಬಿರಿಯಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು. ಹಳೆಯ ಸಾಲನ್ನು ಹೊಡೆದುಹಾಕುವಂತಿಲ್ಲ, ಅದೂ ಒಂದು ಕಾನೂನೇ. ಅದರ ಕೆಳಗೆ ಹೊಸದಾಗಿ ಬರೆದ: ತನಿಖೆ ತಪ್ಪು. ತ್ರಿವೇಣಿಯದು ಏನೂ ತಪ್ಪಿಲ್ಲ. ಕೊಳವೆ ಮುಚ್ಚಿದವನು ಕೆಳಗೆ ರುಜು ಹಾಕಿದವನೇ. ರುಜು ಹಾಕಿದ, ಗೆರೆ ಎಳೆಯಲು ಕೈ ಬರಲಿಲ್ಲ.

ಸೋಮವಾರ ರಿಜಿಸ್ಟರನ್ನು ಟವಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಸೊಸೆಯ ಜೊತೆ ಬಂಗಾರಪೇಟೆ ಬಸ್ಸು ಹತ್ತಿದ. ಸ್ಟ್ಯಾಂಡಿನ ಹತ್ತಿರ ಆ ಪುಟಗಳನ್ನು ಜೆರಾಕ್ಸ್ ಮಾಡಿದವನು ಪೂರ್ತಿ ಓದಿ, ಪಕ್ಕದವನಿಗೂ ತೋರಿಸಿ, ಆಮೇಲೆ ಕೊಟ್ಟ. ಪೆರುಮಾಳ್ ಕಾಸು ಕೊಟ್ಟು ರಿಜಿಸ್ಟರನ್ನು ಮತ್ತೆ ಟವಲ್ಲಿನಲ್ಲಿ ಸುತ್ತಿದ.

ಮೇಟ್ರನ್ ಇಂದ್ರಾಣಿ ಜೆರಾಕ್ಸ್ ಓದಿದರು, ಸಾಲದೆಂದು ಅಸಲನ್ನೂ ತರಿಸಿಕೊಂಡು ಓದಿದರು. ರಿಜಿಸ್ಟರಿನ ಮನುಷ್ಯರಿಗೆ ರಿಜಿಸ್ಟರಿನ ಮೇಲೆ ನಂಬಿಕೆ. ಈ ಗೋಣಿಯವರು ಯಾರು ಎಂದು ಕೇಳಿದರು.

"ನಾನೇ ಮೇಡಂ," ಎಂದ ಪೆರುಮಾಳ್. "ಗೋಣಿ ತುರುಕ್ದೋನೂ ನಾನೇ, ತಪ್ಪು ಅವ್ಳ ಮೇಲೆ ಆಕ್ದೋನೂ ನಾನೇ."

ಮೇಟ್ರನ್ ಅವನನ್ನೊಮ್ಮೆ ನೋಡಿದರು. ಫೈಲಿನಿಂದ ತ್ರಿವೇಣಿಯ ಮೆಮೊ ತೆಗೆದು, ಅಡ್ಡಗೆರೆ ಎಳೆದು, ರದ್ದು ಎಂದು ಬರೆದು ಸೀಲು ಒತ್ತಿ ಅವಳ ಕೈಗೆ ಕೊಟ್ಟರು. ಎಲ್ಲ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಪೆರುಮಾಳ್ ಅದನ್ನೊಮ್ಮೆ ಕೊಡಮ್ಮ ಎಂದು ಸೊಸೆಯಿಂದ ಕೇಳಿ ಪಡೆದ. ಹಸಿ ಸೀಲು ಕೈಗೆ ಹತ್ತದ ಹಾಗೆ ಹಿಡಿದು ಆ ಒಂದು ಪದವನ್ನು ಓದಿದ, ಇನ್ನೊಮ್ಮೆ ಓದಿದ. ಟ್ರಂಕಿನಲ್ಲಿದ್ದ ಕಾಗದದ ಮೇಲೆ ಅವನು ಮೂವತ್ತೇಳು ವರ್ಷ ಕಾದದ್ದು ಇದೊಂದು ಪದಕ್ಕೆ. ಬರೆಯಲು ಇಷ್ಟೇ ಹೊತ್ತು ಸಾಕಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.