ಕ್ಯಾಪ್ಟನ್ ಮುರಿಗೆಪ್ಪನ ಪಕ್ಷಾಂತರ

ಕೆನಡಾದ ಮಾರ್ಕಮ್ ಊರಿನ ಪಾರ್ಕಿನಲ್ಲಿ ಪ್ರತಿ ಜುಲೈಗೆ ಕನ್ನಡಿಗರ ಪಿಕ್ನಿಕ್ಕು. ಅಲ್ಲಿ ಬೇರೆಲ್ಲ ಮಕ್ಕಳಾಟ, ಹಗ್ಗಜಗ್ಗಾಟ ಮಾತ್ರ ಯುದ್ಧ. ಒಂದು ಕಡೆ ಉತ್ತರ ಕರ್ನಾಟಕ, ಇನ್ನೊಂದು ಕಡೆ ದಕ್ಷಿಣ. ಸೋತವರು ಸೊಂಟ ಬಗ್ಗಿಸಿ ಗೆದ್ದವರ ಪಂಕ್ತಿಗೆ ಬಡಿಸಬೇಕು. ಬಡಿಸಿ ಬಡಿಸಿ ದಕ್ಷಿಣದವರ ಕೈ ಪಳಗಿಹೋಗಿತ್ತು.

2017ರಲ್ಲಿ ಸುದ್ದಿ ಹಬ್ಬಿತು, ಕ್ಯಾಪ್ಟನ್ ಮುರಿಗೆಪ್ಪ ಈ ಸಲ ದಕ್ಷಿಣದ ಕಡೆಯಂತೆ! ಗದಗಿನಲ್ಲಿ ಹುಟ್ಟಿ, ಫೌಜಿನಲ್ಲಿ ಕ್ಯಾಪ್ಟನ್ ಆಗಿದ್ದ ಆಸಾಮಿ. ಆಡಿಕೊಳ್ಳುವ ಬಾಯಿಗಳಿಗೆ ಹಬ್ಬವೋ ಹಬ್ಬ.

ಕಾರಣ ಹೆಂಡತಿ, ಮೈಸೂರಿನ ಭಾನುಮತಿ. "ಪ್ರತಿ ವರ್ಷ ನೀವು ಆರಾಮಾಗಿ ಕೂತ್ಕೋತೀರಿ, ನಾನು ಬಕೆಟ್ ಹಿಡ್ಕೊಂಡು ಬಡಿಸ್ಬೇಕು. ಒಂದ್ಸಲ ನಮ್ ಸೈಡಿಗೆ ಬನ್ನಿ ರೀ." ತಮಾಷೆಗೆ ಶುರುವಾದ ಮಾತು ಮುಗಿಯುವಷ್ಟರಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ಅವನು ಮಾತು ಕೊಟ್ಟುಬಿಟ್ಟ.

ಆದರೆ ಉತ್ತರದ ಮುಂದಾಳು ಸ್ವಂತ ಅಣ್ಣ ರುದ್ರಪ್ಪ. ಅಪ್ಪ ಹೋದ ಮೇಲೆ ಸಾಕಿದವನು, ಕೆನಡಾಕ್ಕೆ ಕರೆಸಿಕೊಂಡು ಎರಿನ್ ಮಿಲ್ಸ್ ಬಡಾವಣೆಯ ತನ್ನ ಮನೆಯ ಬೇಸ್‌ಮೆಂಟಿನಲ್ಲಿ ಇಟ್ಟುಕೊಂಡವನು. ವಿಷಯ ತಿಳಿದು ಫೋನಿನಲ್ಲಿ ಒಂದೇ ಮಾತು ಹೇಳಿದ: "ಹಗ್ಗದ ಆ ಕಡೆ ನಿಂತಾಂವ ನನಗ ಯಾರೂ ಅಲ್ಲ." ಮುರಿಗೆಪ್ಪನಿಗೆ ಅಂದು ಅನ್ನ ಇಳಿಯಲಿಲ್ಲ. ಆದರೂ ದಕ್ಷಿಣದ ಕೀಬೋರ್ಡು ಕುಟ್ಟುವ ಕೈಗಳನ್ನೆಲ್ಲ ಒಟ್ಟುಮಾಡಿ ಸಂಜೆಸಂಜೆ ಕವಾಯತು ಮಾಡಿಸಿದ. "ಕೈಲೆ ಅಲ್ರೀ, ಕಾಲ್ಲೆ ಎಳೀರಿ! ನಾ 'ಹಾ' ಅಂದ ಕೂಡ್ಲೆ ಎಲ್ಲಾರೂ ಒಮ್ಮೆಲೆ!"

ಪಿಕ್ನಿಕ್ಕಿನ ದಿನ ಸೀಟಿ ಮೊಳಗಿತು. ಹಗ್ಗದ ಆ ಕಡೆ ಎಲ್ಲರ ಮುಂದೆ ಅಣ್ಣ, ಈ ಕಡೆ ಎಲ್ಲರ ಮುಂದೆ ತಮ್ಮ. ಹಗ್ಗ ಉತ್ತರಕ್ಕೆ ಸರಿಯಿತು, ಇನ್ನೂ ಸರಿಯಿತು. ಪಾರ್ಕಿಗೆ ಪಾರ್ಕೇ ಅರಚುತ್ತಿತ್ತು. ಭಾನುಮತಿ ಸೆರಗು ಸಿಕ್ಕಿಸಿಕೊಂಡು, "ಬಿಡ್ಬೇಡಿ ರೀ, ಪುಲ್, ಪುಲ್!" ಎಂದು ಕುಣಿಯುತ್ತಿದ್ದಳು.

ರುದ್ರಪ್ಪನಿಗೆ ಒಂದು ಅಭ್ಯಾಸ. ಜೋರಾಗಿ ಎಳೆದ ಮೇಲೆ ಎಡಗಾಲೆತ್ತಿ ಹೊಸದಾಗಿ ಊರುತ್ತಾನೆ. ಆ ಒಂದು ಗಳಿಗೆ ಅವನಲ್ಲಿ ಬಲವಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆ ನಿಂತು ಆ ಗಳಿಗೆಯ ಭಾರವನ್ನೆಲ್ಲ ತಾನು ಹೊತ್ತವನು ಮುರಿಗೆಪ್ಪ. ಇನ್ನಾರಿಗೂ ಅದು ಗೊತ್ತಿಲ್ಲ, ಅಣ್ಣನಿಗೂ.

ಕಾಲು ಮೇಲೆದ್ದಿತು. ಮುರಿಗೆಪ್ಪನ ಎದೆ ಚುರುಕ್ಕೆಂದಿತು.

"ಹಾ!"

ಉತ್ತರದ ಸೈನ್ಯ ಸಾಲಾಗಿ ಹುಲ್ಲಿನ ಮೇಲೆ ಮಗುಚಿಕೊಂಡಿತು. ದಕ್ಷಿಣದವರು ಹುಚ್ಚೆದ್ದು ಕುಣಿದರು. ಭಾನುಮತಿ ಎಲ್ಲರೆದುರೇ ಗಂಡನನ್ನು ತಬ್ಬಿಕೊಂಡಳು. ಅವನ ಕಣ್ಣು ಮಾತ್ರ ಅಣ್ಣನ ಮೇಲಿತ್ತು. ರುದ್ರಪ್ಪ ಎದ್ದು, ಚಡ್ಡಿಯ ಹುಲ್ಲು ಕೊಡವಿ, ಯಾರನ್ನೂ ನೋಡದೆ ಹೋದ.

ಊಟದ ಹೊತ್ತಿಗೆ ಗಂಡಹೆಂಡತಿ ಅಕ್ಕಪಕ್ಕ ಕೂತರು. ರುದ್ರಪ್ಪ ಹುಳಿಯ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಬಗ್ಗುತ್ತ ಬಂದ. ಭಾನುಮತಿಗೆ ಬಡಿಸಿದ. ಮುರಿಗೆಪ್ಪನ ಮುಂದೆ ನಿಂತ. ಸೌಟು ಬಕೆಟ್ಟಿನಲ್ಲೇ ಇತ್ತು.

"ಇಷ್ಟ ವರ್ಷ ನಾ ಕಾಲ ಎತ್ತಿದಾಗೂ ಹಗ್ಗ ಜಾರ್ಲಿಲ್ಲ," ಎಂದ ಮೆಲ್ಲಗೆ. "ನನ್ನ ಕಸುವು ಅಂತ ಮೀಸಿ ತಿರುವಿದ್ನಿ. ಇವತ್ತ ತಿಳೀತು, ಹಿಂದ ನಿಂತು ಹಿಡಿದಾಂವ ನೀ ಇದ್ದಿ."

ಮುರಿಗೆಪ್ಪ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಹಿಡಿದ.