ಅಳು ಅಳಿಸಿದ ಹಾಡುಗಳು

ಹಾಡು ಚೆನ್ನಾಗಿತ್ತು. ಎಲ್ಲೂ ಒಂದು ಚೂರು ಗರಗರ ಇಲ್ಲ, ಕೊರತೆ ಇಲ್ಲ. ಬುರುಲ್ಚಾಗೆ ಅನುಮಾನ ಬಂದದ್ದೇ ಅದಕ್ಕೆ.

ನರಿನ್ ಊರಿನ ಗ್ರಂಥಾಲಯದಲ್ಲಿ ಧ್ವನಿಸಂಗ್ರಹದ ವಿಭಾಗ ಅವಳ ಕೈಯಲ್ಲಿತ್ತು. ಸೋವಿಯತ್ ಕಾಲದಲ್ಲಿ ರೇಡಿಯೊದವರು ಮಲೆಯ ಹಳ್ಳಿಗಳನ್ನೆಲ್ಲ ಸುತ್ತಿ, ಸತ್ತವರ ಮನೆಯಲ್ಲಿ ಹೆಂಗಸರು ಹಾಡುವ ಶೋಕದ ಹಾಡುಗಳನ್ನು ಟೇಪಿನ ಸುರುಳಿಗಳಲ್ಲಿ ಹಿಡಿದಿಟ್ಟಿದ್ದರು. ಆ ಸುರುಳಿಗಳು ಕೆಟ್ಟುಹೋಗುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಯಾರು ಬೇಕಾದರೂ ಕೇಳುವಂಥ ಡಿಜಿಟಲ್ ಗ್ರಂಥಾಲಯ ಮಾಡಬೇಕೆಂದು ಯೋಜನೆಯಾಗಿತ್ತು. ರಾಜಧಾನಿ ಬಿಶ್ಕೆಕ್‌ನ ಒಂದು ಕಂಪನಿ ಕೆಲಸ ಹಿಡಿದು ಸುರುಳಿಗಳ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿತ್ತು. ಈಗ ಪ್ರತಿಗಳು ಬಂದಿದ್ದವು. ಅವನ್ನು ಕೇಳಿ, ಗುಣಮಟ್ಟ ಸರಿಯಾಗಿದೆ ಎಂದು ಸಹಿ ಹಾಕುವುದು ಬುರುಲ್ಚಾಳ ಪಾಲಿಗೆ ಬಿದ್ದಿತ್ತು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಅವಳು ಮತ್ತೆ ಕೇಳಿದಳು. ಮಗನನ್ನು ಕಳೆದುಕೊಂಡ ಮುದುಕಿಯೊಬ್ಬಳು ಹಾಡುತ್ತಿದ್ದಾಳೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಏನೂ ಇಲ್ಲ. ಉಸಿರು ಕೂಡ ಇಲ್ಲ.

ಮಾರನೆಯ ದಿನ ಅವಳು ಮಾತಿಸಾಕ್ ಅವರನ್ನು ಕರೆಸಿದಳು. ರೇಡಿಯೊದಲ್ಲಿ ಧ್ವನಿಮುದ್ರಣದ ಎಂಜಿನಿಯರ್ ಆಗಿ ನಿವೃತ್ತರಾದ ಮುದುಕ ಅವರು. ಆ ಸುರುಳಿಗಳಲ್ಲಿ ಮುಕ್ಕಾಲು ಪಾಲು ಅವರ ಕೈಯಲ್ಲೇ ತುಂಬಿದ್ದವು. ಈ ಹಾಡಿನ ಮುದುಕಿ ಅವರ ತಾಯಿಯೇ. ಉಣ್ಣೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅವರು ಕೊನೆಯವರೆಗೂ ಕೇಳಿದರು.

"ಧ್ವನಿ ಅವಳದ್ದೇ," ಎಂದರು. "ಆದ್ರೆ ಅಳ್ತಾನೇ ಇಲ್ವಲ್ಲ ಮಗಳೇ."

"ನನಗೂ ಹಂಗೇ ಅನ್ನಿಸ್ತು ಆತಾ," ಎಂದಳು ಅವಳು, ಊರಿನ ಹಿರಿಯರನ್ನು ಕರೆಯುವಂತೆ. "ನೀವು ಅಲ್ಲೇ ಇದ್ರಲ್ಲ, ಅದಕ್ಕೇ ಕರೆಸ್ದೆ."

"ಇದ್ದೆ. ನಮ್ಮಣ್ಣ ಜೀಪ್ ಸಮೇತ ಹೊಳೆಗೆ ಬಿದ್ದು ಹೋದ. ಮಿಷನ್ ಮುಂದೆ ಕೂತಿದ್ದೋನು ನಾನೇ. ಒಂದೊಂದು ಸಾಲಿಗೂ ಬಿಕ್ಕೋಳು. ಪಕ್ಕದಲ್ಲಿದ್ದ ಹೆಂಗಸ್ರು 'ಓಯ್' ಅಂತ ದನಿ ಸೇರ್ಸೋರು. ನನ್ನ ಕೈಲಿ ಆಗ್ಲಿಲ್ಲ, ನಿಲ್ಲಿಸ್ಲಾ ಅಂತ ಅವ್ವನ ಮುಖ ನೋಡ್ದೆ. ಬೇಡ ಅಂತ ಕೈಯಲ್ಲೇ ಅಂದ್ಲು. ಆ ಬಿಕ್ಕೇ ಹಾಡು ಕಣಮ್ಮ. ಯಾರು ನಮ್ಮವ್ವನ ಬಾಯಿ ತೊಳೆದು ಕಳಿಸಿರೋದು?"

ಬುರುಲ್ಚಾ ಉಳಿದ ಹಾಡುಗಳನ್ನೂ ಒಂದೊಂದಾಗಿ ತೆರೆದು ನೋಡಿದಳು. ಎಲ್ಲ ಹೆಂಗಸರೂ ಹಾಗೆಯೇ ಅಳದೆ ಹಾಡುತ್ತಿದ್ದರು.

ಅವಳು ಕಂಪನಿಯ ಎಲ್ದಾರ್‌ಗೆ ಫೋನ್ ಮಾಡಿದಳು. ಈ ಕೆಲಸವನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಮಾತಿನಲ್ಲಿ ಬಲು ನಯ; ಅವಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ.

"ಎಜೆ, ಅದು ಗದ್ದಲ. ಪ್ರೋಗ್ರಾಂ ಗದ್ದಲ ತೆಗೆದಿದೆ, ಅಷ್ಟೇ. ಬೇರೆಯವ್ರು ಇದಕ್ಕೆ ಥ್ಯಾಂಕ್ಸ್ ಹೇಳ್ತಾರೆ."

"ಅಳೋದು ಗದ್ದಲಾನಾ?"

"ಪ್ರೋಗ್ರಾಂಗೆ ಏನ್ ಗೊತ್ತಾಗುತ್ತೆ ಹೇಳಿ."

"ಸರಿ, ತೆಗೆಯೋಕ್ಕೆ ಮುಂಚಿನ ಪ್ರತಿ ಕೊಡಿ."

"ಅದನ್ನ ಇಟ್ಕೊಂಡಿಲ್ಲ ಎಜೆ. ಜಾಗ ತಿನ್ನುತ್ತೆ."

"ಹಾಗಾದ್ರೆ ನಮ್ಮ ಸುರುಳಿ ವಾಪಸ್ ಕಳ್ಸಿ. ನಾವೇ ಮತ್ತೆ ಮಾಡ್ಕೋತೀವಿ."

"ಧಾರಾಳವಾಗಿ. ನೀವು ಕೆಲಸ ಒಪ್ಪಿಗೆ ಅಂತ ಸಹಿ ಹಾಕಿ, ಮಾರನೇ ದಿನವೇ ಲಾರಿ ಹೊರಡುತ್ತೆ. ಒಪ್ಪಂದದಲ್ಲಿ ಇರೋದೇ ಹಾಗಲ್ವಾ? ಚಿಂತೆ ಬೇಡ, ಸುರುಳಿಗಳು ಭದ್ರವಾಗಿವೆ. ನಮ್ಮ ನೆಲಮಾಳಿಗೇಲಿ, ಬಿಸಿನೀರಿನ ಪೈಪ್ ಪಕ್ಕ, ನಮಗಿಂತ ಬೆಚ್ಚಗಿವೆ."

ಬುರುಲ್ಚಾ ಫೋನ್ ಇಟ್ಟಳು. ಹಳೆಯ ಟೇಪಿಗೆ ಬಿಸಿ ಎಂದರೆ ಬೇಯಿಸಿದ ಹಾಗೆ. ಸಹಿ ಹಾಕದಿದ್ದರೆ ಸುರುಳಿಗಳು ಅಲ್ಲೇ ಕೂತು ಬೇಯುತ್ತವೆ. ಹಾಕಿದರೆ ಈ ತೊಳೆದ ಹಾಡುಗಳೇ ಸರಿ ಎಂದು ಅವಳ ಕೈಯಾರೆ ಒಪ್ಪಿದಂತಾಗುತ್ತದೆ. ಆಮೇಲೆ ತಕರಾರಿಗೆ ದಾರಿಯಿಲ್ಲ.

ಅವಳು ನಿರ್ದೇಶಕರ ಕೋಣೆಗೆ ಹೋದಳು. ಕಚ್‌ಕಿನ್‌ಬಾಯ್ ಕೆಟ್ಟ ಮನುಷ್ಯರಲ್ಲ. ಚಳಿಗಾಲದಲ್ಲಿ ಗ್ರಂಥಾಲಯದ ಒಲೆಗೆ ಕಲ್ಲಿದ್ದಲು ತರಿಸಲು ಅವರಷ್ಟು ಓಡಾಡಿದವರಿಲ್ಲ. ಆದರೆ ಉದ್ಘಾಟನೆ ಗೊತ್ತಾಗಿತ್ತು, ಸಚಿವಾಲಯದ ಅತಿಥಿಗಳು ಬರುವವರಿದ್ದರು, ಔತಣದ ಮಾಂಸಕ್ಕೆ ಕುದುರೆ ಕೂಡ ಹೇಳಿಯಾಗಿತ್ತು.

"ನಾನು ಶುರುನಲ್ಲೇ ಹೇಳಿದ್ದೆ ಬೈಕೆ," ಎಂದಳು ಬುರುಲ್ಚಾ; ಅವರನ್ನು ಹಾಗೆ ಅಣ್ಣ ಎಂದು ಕರೆಯುವ ಸಲುಗೆ ಅವಳಿಗಿತ್ತು. "ಮೊದಲು ನಾಲ್ಕು ಹಾಡು ಮಾಡಿ ತೋರಿಸ್ಲಿ, ಪರೀಕ್ಷೆ ಮಾಡೋಣ, ಆಮೇಲೆ ಉಳಿದಿದ್ದು ಅಂತ. ಯಾವ ಕಂಪ್ಯೂಟರಲ್ಲಾದ್ರೂ ತೆರೆಯೋ ಹಾಗೆ ಎಲ್ಲರಿಗೂ ಗೊತ್ತಿರೋ ಫೈಲ್ ಮಾದರೀಲಿ ಕೊಡ್ಲಿ ಅಂತ. ಎರಡನ್ನೂ ಹೊಡೆದುಹಾಕಿದ್ರಿ. ಈಗ ನೋಡಿ, ಅವರ ಪ್ರೋಗ್ರಾಂ ಇಲ್ದೆ ಒಂದು ಹಾಡು ತೆರೆಯಲ್ಲ, ಪ್ರತಿ ವರ್ಷ ದುಡ್ಡು ಕೊಟ್ಟು ಅವರ ಹತ್ರ ಪ್ರೋಗ್ರಾಂನ ಹೊಸ ಕೀಲಿ ಬೇಡ್ಬೇಕು."

"ಹೇಳಿದ್ದೆ ಹೇಳಿದ್ದೆ ಅನ್ನೋಕೆ ಮನೇಲಿ ಒಬ್ಳಿದ್ದಾಳೆ, ಸಾಕು," ಎಂದರು ಕಚ್‌ಕಿನ್‌ಬಾಯ್. "ಅವರು ಕಡಿಮೆಗೆ ಒಪ್ಕೊಂಡಿದ್ದೇ ಆ ಎರಡು ಷರತ್ತು ಬಿಟ್ಟಿದ್ದಕ್ಕೆ. ಕೇಳೋರಿಗೆ ಹಾಡು ಕೇಳ್ಸುತ್ತಲ್ಲ? ಯಾರಮ್ಮ ಬಿಕ್ಕೋದನ್ನ ಎಣಿಸ್ತಾ ಕೂರೋರು?"

ಅವಳು ಸಚಿವಾಲಯಕ್ಕೆ ಪತ್ರ ಬರೆದಳು. ಉತ್ತರ ಬರಲಿಲ್ಲ, ಅವಳ ಪತ್ರವೇ ತಿರುಗಿ ಬಂತು. ಕಚ್‌ಕಿನ್‌ಬಾಯ್ ಅದನ್ನು ತಂದು ಅವಳ ಮೇಜಿನ ಮೇಲಿಟ್ಟು, ಎದುರು ಕುರ್ಚಿಯಲ್ಲಿ ದೊಪ್ಪನೆ ಕೂತರು. ಅವರ ಮುಖದಲ್ಲಿ ಸಿಟ್ಟಿಗಿಂತ ಆಯಾಸವಿತ್ತು.

"ನಿನ್ನ ದೂರಿಗೆ ತಕ್ಕ ಉತ್ತರ ಕೊಡಿ ಅಂತ ನನಗೇ ಕಳಿಸಿದ್ದಾರೆ. ಏನಂತ ಬರೀಲಿ? ನೀನೇ ಹೇಳು, ಬರ್ಕೋತೀನಿ."

ಬುರುಲ್ಚಾ ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿದಳು. ಆ ದಿನಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಆಲೂಗಡ್ಡೆ ಸುಲಿಯುತ್ತ ಕೂತರೆ ಆ ನೆಲಮಾಳಿಗೆಯ ಬಿಸಿ ತನ್ನ ಕುತ್ತಿಗೆಗೇ ತಾಗಿದಂತಾಗುತ್ತಿತ್ತು. ಯಾವ ಕಡೆ ತಿರುಗಿದರೂ ಗೋಡೆಯೇ. ಅದಕ್ಕೆ ಇಟ್ಟಿಗೆ ಜೋಡಿಸಿದವರು ಯಾರೋ, ಒಳಗೆ ನಿಂತವಳು ತಾನು. ಕೊನೆಗೊಂದು ಬೆಳಿಗ್ಗೆ ಕಚೇರಿಗೆ ಬಂದವಳೇ, ಕೋಟು ಕೂಡ ಬಿಚ್ಚದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ಉದ್ಘಾಟನೆ ಜೋರಾಗಿ ನಡೆಯಿತು. ದೊಡ್ಡ ಪರದೆಯ ಮೇಲೆ ಪುಟ ತೆರೆಯಿತು. ಕೆಳಗೆ 'ಗುಣಮಟ್ಟ ಪರೀಕ್ಷಿಸಿದವರು' ಎಂದು ಅವಳ ಹೆಸರು. ಮಾದರಿಗೆಂದು ಹಾಕಿದ್ದು ಮಾತಿಸಾಕ್ ಅವರ ತಾಯಿಯ ಹಾಡೇ. ಅತಿಥಿಗಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಮಾತಿಸಾಕ್ ಎದ್ದು ಟೋಪಿ ಹಾಕಿಕೊಂಡು ಹೊರಟರು. ಬಾಗಿಲ ಬಳಿ ಬುರುಲ್ಚಾ ಅವರ ತೋಳು ಹಿಡಿದಳು.

"ಸುರುಳಿ ವಾಪಸ್ ಬರ್ತಾವೆ ಆತಾ. ಅದಕ್ಕೇ ಹಾಕ್ದೆ."

"ಗೊತ್ತು ಬಿಡಮ್ಮ," ಎಂದರು ಅವರು. "ಆದ್ರೂ ಕೂತು ಕೇಳೋಕಾಗಲ್ಲ."

ಸುರುಳಿಗಳನ್ನು ತರಲು ಅವಳೇ ಲಾರಿಯಲ್ಲಿ ಬಿಶ್ಕೆಕ್‌ಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದರೆ ಹುಳಿಹುಳಿ ವಿನಿಗರ್ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ಸುರುಳಿಗಳು ಅಂಟಿಕೊಂಡು ಬಿಲ್ಲೆಗಳಾಗಿದ್ದವು. ಅವಳು ಎಲ್ದಾರ್‌ನ ಎದುರಿಗೇ ಮುಚ್ಚಳ ಹಾಕಿ ಪೆಟ್ಟಿಗೆಗಳನ್ನು ಲಾರಿಗೆ ಏರಿಸಿದಳು. ಊರ ದಾರಿಯ ದೋಲೋನ್ ಕಣಿವೆ ದಾಟುವಾಗ, ಚಾಲಕನಿಗೆ ಕಾಣದಂತೆ ಕಿಟಕಿಗೆ ಮುಖ ತಿರುಗಿಸಿ ಅತ್ತಳು.

ಮಾತಿಸಾಕ್ ಅವರ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ರೇಡಿಯೊ ಕೇಂದ್ರ ಗುಜರಿಗೆ ಹಾಕಿದ್ದ ಟೇಪ್ ಮಿಷನ್ನನ್ನು ಅವರು ಎಂದೋ ತಂದು ಜೋಪಾನ ಮಾಡಿದ್ದರು. ಹಿಟ್ಟು ನಾದಿ ಕರಿದ ಬೋರ್ಸೋಕ್, ಹಾಲಿನ ಚಹಾ ಒಂದು ಕಡೆ. ಮಿಷನ್, ಬುರುಲ್ಚಾಳ ಲ್ಯಾಪ್‌ಟಾಪ್ ಇನ್ನೊಂದು ಕಡೆ. ಏನನ್ನೂ ಉಜ್ಜಲಿಲ್ಲ, ತೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ, ಯಾರ ಕೀಲಿಯೂ ಬೇಡದ ಸಾದಾ ಮಾದರಿಯಲ್ಲಿ ಇಳಿಸಿದರು. ಒಬ್ಬರು ಇಳಿಸಿದ್ದನ್ನು ಇನ್ನೊಬ್ಬರು ಕಣ್ಣುಮುಚ್ಚಿ ಕೇಳಿ ಸರಿ ಎಂದ ಮೇಲೆಯೇ ಮುಂದಿನದು. ಪ್ರತಿಗಳನ್ನು ಬೇರೆ ಬೇರೆ ಮನೆಗಳಲ್ಲಿ ಇಟ್ಟರು.

ತಾಯಿಯ ಸುರುಳಿಯನ್ನು ಮಾತಿಸಾಕ್ ಕಡೆಯವರೆಗೂ ಮುಟ್ಟಿರಲಿಲ್ಲ. ಕೊನೆಗೆ ಅದನ್ನೂ ಹಾಕಿದರು. ಗರಗರ ಸದ್ದು, ಎಲ್ಲೋ ನಾಯಿ, ಯಾರೋ ಕೆಮ್ಮಿದ್ದು, ಆಮೇಲೆ ಮುದುಕಿ. ಮೊದಲ ಸಾಲು ಮುಗಿದು ಬಿಕ್ಕು ಬಂತು. ಮಾತಿಸಾಕ್ ಮೇಜಿನ ಅಂಚು ಹಿಡಿದುಕೊಂಡರು. ಅರ್ಧ ಹಾಡಿಗೆ ಟೇಪು ಕಿರುಗುಟ್ಟಿತು, ಅದರ ಕಂದು ಪದರ ಪೊರೆಯಂತೆ ಕಿತ್ತುಬಂತು. ಅಲ್ಲಿಗೆ ಮುಗಿಯಿತು.

"ಅರ್ಧನಾದ್ರೂ ಅತ್ಲಲ್ಲ," ಎಂದು ಅವರು ಮಿಷನ್ ಆರಿಸಿದರು.

ಬುರುಲ್ಚಾ ಹೊಸ ಪ್ರತಿಗಳನ್ನು ಕಚ್‌ಕಿನ್‌ಬಾಯ್ ಮುಂದಿಟ್ಟಳು. ಅವರು ಅವನ್ನು ಹಿಂದಕ್ಕೆ ತಳ್ಳಿದರು. "ಇದನ್ನ ಹಾಕಿದ್ರೆ ಮೊದಲಿಂದು ತಪ್ಪು ಅಂತಾಗುತ್ತೆ. ತಪ್ಪಿಲ್ಲ ಅಂತ ಸಹಿ ಹಾಕಿದೋಳು ನೀನೇ ಅಲ್ವಾ?"

ವಸಂತದಲ್ಲಿ ತಲಾಸ್‌ನ ಗ್ರಂಥಾಲಯದಿಂದ ದಾಮಿರಾ ಎಂಬವಳು ಫೋನ್ ಮಾಡಿದಳು. ಬುರುಲ್ಚಾ ಅವಳನ್ನು ಕಂಡಿರಲಿಲ್ಲ.

"ಎಜೆ, ನಮ್ಮ ಹತ್ರಾನೂ ಹಳೇ ಟೇಪ್‌ಗಳಿವೆ. ಕಂಪನಿಯವ್ರು ಬಂದಿದ್ರು. ನಿಮ್ಮ ಸಹಿ ತೋರಿಸಿ, ನರಿನ್‌ನವ್ರೇ ಒಪ್ಪಿದ್ದಾರೆ ಅಂದ್ರು. ನಾವೂ ಕೊಟ್ಬಿಡಬಹುದಲ್ವಾ?"

ನಿರ್ದೇಶಕರ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಚಹಾ ಕಲಕುವ ಸದ್ದು ನಿಂತಿತು. ಹೌದು ಎಂದರೆ ಆ ನೆಲಮಾಳಿಗೆಗೆ ಇನ್ನೊಂದು ಲಾರಿ ಹೋಗುತ್ತದೆ. ಇಲ್ಲ ಎಂದರೆ ತನ್ನ ಸಹಿಯೇ ಸುಳ್ಳು.

"ಕೊಡಬೇಡ," ಎಂದಳು ಬುರುಲ್ಚಾ, ಆ ಬಾಗಿಲಿಗೂ ಕೇಳುವಂತೆ. "ನಾನು ಹಾಕಿದ್ದು ಸುಳ್ಳು ಸಹಿ. ನಮ್ಮ ಟೇಪ್ ಬಿಡಿಸಿಕೊಳ್ಳೋಕೆ ಹಾಕ್ದೆ. ಯಾರಿಗೇ ಕೊಟ್ರೂ ಮೊದಲು ನಾಲ್ಕು ಮಾಡಿ ತೋರಿಸು ಅನ್ನು. ನಿಮ್ಮ ಊರಿನ ಮುದುಕರನ್ನ ಕೂರಿಸಿ ಕೇಳ್ಸು. ತಿದ್ದದೇ ಇರೋ ಪ್ರತಿ ಬೇಕೇ ಬೇಕು, ಯಾವ ಕಂಪ್ಯೂಟರಲ್ಲಾದ್ರೂ ತೆರೀಬೇಕು ಅಂತ ಬರ್ಸು. ಟೇಪ್ ಮಾತ್ರ ಊರು ಬಿಟ್ಟು ಹೋಗಬಾರ್ದು. ಮಿಷನ್ ಬೇಕಾದ್ರೆ ಅವರೇ ತರ್ಲಿ. ಯಾರು ಹೇಳಿದ್ದು ಅಂತ ಕೇಳಿದ್ರೆ ನನ್ನ ಹೆಸರು ಹೇಳು."

ತಲಾಸ್‌ನವರು ಆ ಷರತ್ತುಗಳನ್ನೆಲ್ಲ ಹಾಕಿದರು. ಕಂಪನಿ ಅತ್ತ ತಲೆ ಹಾಕಲಿಲ್ಲ. ಬೇರೆ ಯಾರೋ ಮಿಷನ್ ತಂದು ಅಲ್ಲೇ ಕೂತು ಮಾಡಿಕೊಟ್ಟರಂತೆ. ಬುರುಲ್ಚಾಳನ್ನು ಧ್ವನಿಸಂಗ್ರಹದಿಂದ ತೆಗೆದು ಪುಸ್ತಕ ಎರವಲು ಕೊಡುವ ಮೇಜಿಗೆ ಹಾಕಿದರು. ಯಾರಾದರೂ ಅಜ್ಜಿಯ ಹಾಡು ಕೇಳಿಕೊಂಡು ಬಂದರೆ, ಮಾತಿಸಾಕ್ ಅವರ ಮನೆಯ ದಾರಿ ಹೇಳಿ ಕಳಿಸುತ್ತಾಳೆ.

ಆ ಪುಟದಿಂದ ತನ್ನ ಹೆಸರನ್ನಾದರೂ ತೆಗೆಯಿರಿ ಎಂದು ಅವಳು ಒಮ್ಮೆ ಕೇಳಿದಳು. ಕಚ್‌ಕಿನ್‌ಬಾಯ್ ಆ ಹೊತ್ತಿಗೆ ತಣ್ಣಗಾಗಿದ್ದರು. ತೆಗೆಸೋಣ ಬಿಡು ಎಂದು ತಾವೇ ಬಂದು ಕಂಪ್ಯೂಟರಿನ ಮುಂದೆ ಕೂತರು. ಒಂದು ಅಕ್ಷರ ತಿದ್ದಬೇಕಾದರೂ ಕಂಪನಿಯ ಕೀಲಿ ಬೇಕಿತ್ತು. ಅದರ ಅವಧಿ ಮುಗಿದು, ಹೊಸದನ್ನು ಯಾರೂ ಕೊಂಡಿರಲಿಲ್ಲ. ಅವಳ ಹೆಸರು ಪರದೆಯ ಮೇಲೆ ಹಾಗೆಯೇ ಉಳಿಯಿತು. ಆಮೇಲೆ ಅವಳು ಎದ್ದು ತನ್ನ ಮೇಜಿಗೆ ಹೋದಳು. ಪುಸ್ತಕ ಹಿಂದಿರುಗಿಸಲು ಜನ ಕಾಯುತ್ತಿದ್ದರು.